ಮಿದುಳಿನ ಒತ್ತಡವೂ ಮನೆಮಾತೂ

ಬೇಸಗೆಯ ರಜೆ ಬಂತೆಂದರೆ ನಮ್ಮ ಜಿಲ್ಲೆಯಿಂದಲೂ ಮೈಸೂರಿನ ಕಡೆಯಿಂದಲೂ ನೀಲಗಿರಿಯ ದಾರಿ ಹಿಡಿಯುವ ವಾಹನಗಳಿಗೆ ಲೆಕ್ಕವಿರುವುದಿಲ್ಲ. ಹೂವಿನ ಪ್ರದರ್ಶನ, ಸರೋವರ, ಮಂಜು, ಇವುಗಳ ವರ್ಣನೆ ಎಲ್ಲರ ಬಾಯಲ್ಲೂ ಇರುತ್ತದೆ. ಆದರೆ ಅದೇ ಬೆಟ್ಟದಲ್ಲಿ ಬೈಕಿನಿಂದ ಉರುಳಿ, ಜೀಪು ಮಗುಚಿ, ಮರದಿಂದ ಜಾರಿ ತಲೆಗೆ ಪೆಟ್ಟು ಮಾಡಿಕೊಂಡವರ ಗತಿ ಮುಂದೇನಾಗುತ್ತದೆ ಎಂಬುದರ ಕಡೆಗೆ ಗಮನ ಹರಿಸಿದವರು ವಿರಳ. ಉದಕಮಂಡಲ, ಗೂಡಲೂರು, ಮಸಿನಗುಡಿಗಳಲ್ಲಿ ಕನ್ನಡವನ್ನೋ ಕನ್ನಡಕ್ಕೆ ತೀರ ಹತ್ತಿರದ ಬಡಗವನ್ನೋ ಮನೆಮಾತಾಗಿ ಉಳ್ಳ ಸಾವಿರಾರು ಕುಟುಂಬಗಳಿವೆ. ಅವರ ಪಾಡನ್ನು ಕುರಿತು ಯೋಚಿಸಿದರೆ ನಮ್ಮ ಪಾಡೂ ಅದಕ್ಕಿಂತ ಭಿನ್ನವಲ್ಲವೆಂದು ತೋರುತ್ತದೆ. ಆದುದರಿಂದಲೇ ಇಂದು ಈ ವಿಷಯವನ್ನು ವಾಚಕರ ಮುಂದಿಡುತ್ತಿದ್ದೇವೆ.

ಮಸಿನಗುಡಿಯಿಂದ ಕಲ್ಲಟ್ಟಿ ಘಾಟಿಯ ಮೂಲಕ ಉದಕಮಂಡಲಕ್ಕೆ ಸುಮಾರು 30 ಕಿಲೋಮೀಟರು. ದಾರಿಯಲ್ಲಿ 36 ಕಡಿದಾದ ತಿರುವುಗಳು. 2018ರ ಅಕ್ಟೋಬರದಲ್ಲಿ ಚೆನ್ನೈಯಿಂದ ಬಂದಿದ್ದ ಏಳು ಮಂದಿಯ ಕಾರೊಂದು ಇಲ್ಲಿ ಕಮರಿಗೆ ಉರುಳಿತು. ಅದು ಜನರ ಕಣ್ಣಿಗೆ ಬಿದ್ದುದು ಎರಡು ದಿನಗಳ ಬಳಿಕ. ಐವರು ತೀರಿಹೋಗಿದ್ದರು, ಇಬ್ಬರು ಜೀವಸಹಿತ ಸಿಕ್ಕಿದರು. ಅನಂತರ ಹೊರಗಿನ ವಾಹನಗಳು ಈ ಘಾಟಿಯನ್ನು ಇಳಿಯುವುದಕ್ಕೆ ನಿರ್ಬಂಧ ಬಂತು. ನಿರ್ಬಂಧ ಒಳ್ಳೆಯದೇ. ಆದರೆ ನಿತ್ಯವೂ ಅಲ್ಲೇ ಬಾಳುವವರಿಗೆ, ತೋಟದ ಕೆಲಸಕ್ಕೆ ಹೋಗುವವರಿಗೆ, ಜೇನಿಗಾಗಿ ಮರ ಹತ್ತುವ ಕುರುಂಬರಿಗೆ, ಮುಸ್ಸಂಜೆಯಲ್ಲಿ ಕಾಡುಕೋಣ ಅಡ್ಡಬಂದು ಬೈಕು ಕೆಡವಿಕೊಳ್ಳುವ ಯುವಕರಿಗೆ ನಿರ್ಬಂಧದಿಂದ ರಕ್ಷಣೆ ಸಿಗುವುದಿಲ್ಲ. ಅವರಿಗೆ ಬೇಕಾದುದು ಬಿದ್ದ ಮೇಲೆ ಸಿಗುವ ಆರೈಕೆ.

ತಲೆಬುರುಡೆ ಎಂಬ ಮುಚ್ಚಿದ ಪೆಟ್ಟಿಗೆ

ತಲೆಗೆ ಪೆಟ್ಟು ಬಿದ್ದಾಗ ಜನ ಮೊದಲು ನೋಡುವುದು ರಕ್ತವನ್ನು. ಹಣೆ ಒಡೆದು ರಕ್ತ ಧಾರಾಕಾರ ಸುರಿದರೆ ಗಾಬರಿ, ಗಾಯವೇ ಕಾಣದಿದ್ದರೆ ಸಮಾಧಾನ. ವಾಸ್ತವದಲ್ಲಿ ಅಪಾಯವಿರುವುದು ಹೊರಗೆ ಬಾರದ ರಕ್ತದಲ್ಲಿ. ಬೆಳೆದ ಮನುಷ್ಯನ ತಲೆಬುರುಡೆ ಎಲ್ಲಿಯೂ ಹಿಗ್ಗದ ಗಟ್ಟಿ ಪೆಟ್ಟಿಗೆ. ಅದರೊಳಗೆ ಸುಮಾರು ನೂರಕ್ಕೆ ಎಂಬತ್ತು ಭಾಗ ಮಿದುಳು, ಉಳಿದುದರಲ್ಲಿ ಅರ್ಧ ರಕ್ತ, ಅರ್ಧ ಮಿದುಳನ್ನು ಸುತ್ತುವರಿದ ತಿಳಿನೀರು. ಇವುಗಳಲ್ಲಿ ಒಂದು ಹೆಚ್ಚಿದರೆ ಇನ್ನೊಂದು ಜಾಗ ಬಿಡಲೇಬೇಕು. ಈ ತತ್ತ್ವವನ್ನು ಎಡಿನ್‌ಬರೋದ ಅಲೆಗ್ಸಾಂಡರ್ ಮನ್ರೋ 1783ರಲ್ಲಿಯೇ ಹೇಳಿದನು. ಅವನ ಶಿಷ್ಯ ಜಾರ್ಜ್ ಕೆಲ್ಲಿ 1824ರಲ್ಲಿ ಅದನ್ನು ಪುಷ್ಟೀಕರಿಸಿದನು.

ಪೆಟ್ಟಿನಿಂದ ಒಳಗೆ ರಕ್ತ ಹೆಪ್ಪುಗಟ್ಟಿದಾಗ ಅಥವಾ ಮಿದುಳು ಬಾತಾಗ ಮೊದಲು ತಿಳಿನೀರು ಬೆನ್ನುಹುರಿಯ ಕಡೆಗೆ ಸರಿಯುತ್ತದೆ, ರಕ್ತನಾಳಗಳು ಕುಗ್ಗುತ್ತವೆ. ಅಷ್ಟರವರೆಗೆ ರೋಗಿ ಎದ್ದು ಕುಳಿತು ಮಾತಾಡಿಯಾನು, ಚಹಾ ಕೇಳಿಯಾನು. ಸರಿಯುವ ಜಾಗ ಮುಗಿಯಿತೆಂದರೆ ಒಳಗಿನ ಒತ್ತಡ ಒಮ್ಮೆಲೇ ಏರುತ್ತದೆ. ಮಲಗಿದ ಆರೋಗ್ಯವಂತನಲ್ಲಿ ಈ ಒತ್ತಡ ಪಾದರಸದ 7ರಿಂದ 15 ಮಿಲಿಮೀಟರು. ತೀವ್ರ ಪೆಟ್ಟಾದವರಲ್ಲಿ 22ನ್ನು ಮೀರಿದರೆ ಇಳಿಸುವ ಚಿಕಿತ್ಸೆ ನಡೆಯಬೇಕೆಂದು ತಜ್ಞರು 2016ರ ಮಾರ್ಗಸೂಚಿಯಲ್ಲಿ ಹೇಳಿದ್ದಾರೆ. ಒಳಗಿನ ಒತ್ತಡ ಏರಿದಷ್ಟೂ ಹೃದಯದಿಂದ ಬರುವ ರಕ್ತ ಮಿದುಳಿಗೆ ನುಗ್ಗುವುದು ಕಷ್ಟವಾಗುತ್ತದೆ. ರಕ್ತವಿಲ್ಲದ ಮಿದುಳು ಬಾಳುವುದಿಲ್ಲ. ಕೊನೆಗೆ ಮಿದುಳು ಬುರುಡೆಯ ತಳದ ರಂಧ್ರದ ಕಡೆಗೆ ತಳ್ಳಲ್ಪಟ್ಟು ಉಸಿರಾಟದ ಕೇಂದ್ರವೇ ಅದುಮಿಹೋಗುತ್ತದೆ. "ರಾತ್ರಿ ಚೆನ್ನಾಗಿಯೇ ಮಾತಾಡಿ ಮಲಗಿದ, ಬೆಳಗ್ಗೆ ಏಳಲೇ ಇಲ್ಲ" ಎಂದು ಎಷ್ಟೋ ಮನೆಗಳಲ್ಲಿ ಹೇಳುವುದುಂಟು. ಅದನ್ನು ವಿಧಿಯೆಂದು ಬಿಡುತ್ತಾರೆ. ಅನೇಕ ಸಲ ಅದು ವಿಧಿಯಲ್ಲ, ಯಾರೂ ಗಮನಿಸದೆ ಏರಿದ ಒತ್ತಡ.

ಅಳೆಯುವ ಉಪಕರಣ

ಈ ಒತ್ತಡವನ್ನು ನೇರವಾಗಿ ಅಳೆಯುವ ವಿಧಾನ ಹಳೆಯದೇ. ಫ್ರಾನ್ಸಿನ ಗಿಯೋಮ್ ಮತ್ತು ಜಾನಿ ಎಂಬವರು 1951ರಲ್ಲಿ ಇದನ್ನು ಮಾಡಿ ತೋರಿಸಿದರು. ಸ್ವೀಡನ್ನಿನ ನಿಲ್ಸ್ ಲುಂಡ್‌ಬರ್ಗ್ 1960ರಲ್ಲಿ ಪ್ರಕಟಿಸಿದ ಅಧ್ಯಯನದಿಂದ ಅದು ಆಸ್ಪತ್ರೆಗಳ ಕ್ರಮವಾಯಿತು. ಬುರುಡೆಯಲ್ಲಿ ಸಣ್ಣ ರಂಧ್ರ ಕೊರೆದು, ಮಿದುಳಿನೊಳಗಿನ ನೀರಿನ ಕೋಣೆಗೆ ತೆಳುವಾದ ಕೊಳವೆ ಇಳಿಸಿ, ಅದನ್ನು ಮಾಪಕಕ್ಕೆ ಜೋಡಿಸುತ್ತಾರೆ. ಒತ್ತಡ ಏರಿದರೆ ಅದೇ ಕೊಳವೆಯಿಂದ ನೀರನ್ನು ಹೊರಬಿಡಲೂ ಸಾಧ್ಯ. ಇದಕ್ಕೆ ಮಿದುಳಿನ ಶಸ್ತ್ರವೈದ್ಯರು ಬೇಕು, ಸಿ.ಟಿ. ಸ್ಕ್ಯಾನ್ ಬೇಕು, ಹಗಲಿರುಳು ನೋಡುವ ತೀವ್ರ ನಿಗಾ ಘಟಕ ಬೇಕು, ಸೋಂಕು ತಗಲದ ಶುಚಿತ್ವ ಬೇಕು.

ನಮ್ಮ ದಕ್ಷಿಣ ಭಾರತ ಈ ವಿದ್ಯೆಯಲ್ಲಿ ಹಿಂದುಳಿದುದಲ್ಲ. 1949ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಡಾ. ಜೇಕಬ್ ಚಾಂಡಿಯವರು ದೇಶದ ಮೊದಲ ನರಶಸ್ತ್ರಚಿಕಿತ್ಸಾ ವಿಭಾಗವನ್ನು ಆರಂಭಿಸಿದರು. ಮರುವರ್ಷ ಮದ್ರಾಸಿನಲ್ಲಿ ಡಾ. ಬಿ. ರಾಮಮೂರ್ತಿಯವರು ಕೈಹಾಕಿದರು. ಬೆಂಗಳೂರಿನಲ್ಲಿ 1974ರಲ್ಲಿ ನಿಮ್ಹಾನ್ಸ್ ರೂಪುಗೊಂಡಾಗ ಅದರ ಮೊದಲ ನಿರ್ದೇಶಕರಾದವರು ನರಶಸ್ತ್ರವೈದ್ಯ ಡಾ. ಆರ್. ಎಂ. ವರ್ಮಾ ಅವರು. ಇಂದಿಗೂ ಕರ್ನಾಟಕದ ಮೂಲೆಮೂಲೆಗಳಿಂದ, ನೆರೆಯ ರಾಜ್ಯಗಳಿಂದ ತಲೆ ಒಡೆದುಕೊಂಡವರನ್ನು ಅಲ್ಲಿಗೆ ಹೊತ್ತು ತರುತ್ತಾರೆ. ವಿದ್ಯೆ ಇದೆ, ವಿದ್ವಾಂಸರಿದ್ದಾರೆ. ಆದರೆ ಅವರಿರುವುದು ಊರುಗಳಲ್ಲಲ್ಲ, ನಗರಗಳಲ್ಲಿ.

ಗೂಡಲೂರಿನಿಂದ ಉದಕಮಂಡಲಕ್ಕೆ ಸುಮಾರು 50 ಕಿಲೋಮೀಟರು ಏರುದಾರಿ. ಅಲ್ಲಿಂದ ಕೊಯಮತ್ತೂರಿಗೆ ಇನ್ನೂ ಸುಮಾರು 85. ಇತ್ತ ಬಂಡೀಪುರದ ಕಾಡು ಹಾದು ಮೈಸೂರಿಗೆ ಹೋದರೆ ನೂರಕ್ಕೂ ಮಿಕ್ಕಿದ ಹಾದಿ, ಕಲ್ಲಿಕೋಟೆಗೂ ಹೆಚ್ಚುಕಡಿಮೆ ಅಷ್ಟೇ. ಬಂಡೀಪುರದ ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಂಚಾರ ನಿಷೇಧವಿದೆ. ಅಂಬುಲೆನ್ಸಿಗೆ ಈ ನಿಷೇಧವಿಲ್ಲ. ಇದನ್ನು ಅರಿಯದೆ, ಗೇಟಿನಲ್ಲಿ ತಡೆದಾರೆಂದು ಹೆದರಿ ಬೆಳಗಾಗುವುದನ್ನು ಕಾದು ಕೂರುವವರು ಇರಬಾರದು. 108ನ್ನು ಕರೆಯಿರಿ, ಕಾಯಬೇಡಿರಿ.

ಗಡಿ ಎಂಬುದು ರೋಗಿಗೆ ಏನನ್ನು ಮಾಡಬಲ್ಲುದೆಂದು ನಮ್ಮ ಜಿಲ್ಲೆಯವರಿಗೆ ಯಾರೂ ಹೇಳಿಕೊಡಬೇಕಾದುದಿಲ್ಲ. 2020ರ ಮಾರ್ಚ್ ಕೊನೆಯಲ್ಲಿ ತಲಪಾಡಿಯಲ್ಲಿ ದಾರಿ ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳು ಈಚೆಗೇ ಉಳಿದರು, ಕೆಲವರು ಪ್ರಾಣವನ್ನೇ ಕಳೆದುಕೊಂಡರು. ಪ್ರಶ್ನೆ ಉಚ್ಚ ನ್ಯಾಯಾಲಯಕ್ಕೂ ಸರ್ವೋಚ್ಚ ನ್ಯಾಯಾಲಯಕ್ಕೂ ಹೋಗಬೇಕಾಯಿತು. ಮೂರು ರಾಜ್ಯಗಳು ಕೂಡುವ ಗೂಡಲೂರಿನವರು ಈ ಸಂಕಟವನ್ನು ನಮ್ಮಷ್ಟೇ ಬಲ್ಲರು.

ಉಪಕರಣವಿಲ್ಲದಲ್ಲಿ ಏನು?

ಹಾಗಾದರೆ ಒತ್ತಡ ಅಳೆಯುವ ಕೊಳವೆ ಇಲ್ಲದ ಊರಿನಲ್ಲಿ ಬಿದ್ದವನು ಸತ್ತಂತೆಯೇ? ಅಲ್ಲ. ಈ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ನಮ್ಮಂತೆಯೇ ಬಡತನ ಬಲ್ಲ ದೇಶಗಳಲ್ಲಿ. ದಕ್ಷಿಣ ಅಮೆರಿಕದ ಬೊಲಿವಿಯಾ ಮತ್ತು ಇಕ್ವೆಡಾರ್‌ಗಳಲ್ಲಿ ತಲೆಗೆ ತೀವ್ರ ಪೆಟ್ಟಾದ 324 ಮಂದಿಯ ಮೇಲೆ ನಡೆಸಿದ ಅಧ್ಯಯನ 2012ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಒಳಗಿನ ಒತ್ತಡವನ್ನು ಅಳೆದು ಚಿಕಿತ್ಸೆ. ಇನ್ನೊಂದು ಗುಂಪಿಗೆ ಸ್ಕ್ಯಾನ್ ತೆಗೆದು, ಮತ್ತೆಮತ್ತೆ ಕೈಯಿಂದ ಮುಟ್ಟಿ, ಕಣ್ಣಿನಿಂದ ನೋಡಿ, ಮಾತಾಡಿಸಿ ಪರೀಕ್ಷಿಸಿ ಚಿಕಿತ್ಸೆ. ಆರು ತಿಂಗಳ ಬಳಿಕ ನೋಡಿದಾಗ ಮೊದಲ ಗುಂಪಿನಲ್ಲಿ ನೂರಕ್ಕೆ 39, ಎರಡನೆಯದರಲ್ಲಿ 41 ಮಂದಿ ತೀರಿದ್ದರು. ಎಣಿಸಬೇಕಾದ ವ್ಯತ್ಯಾಸವೇ ಇರಲಿಲ್ಲ.

ಉಪಕರಣ ಬೇಡವೆಂದು ಇದರಿಂದ ಯಾರೂ ತಿಳಿಯಬಾರದು. ಎರಡೂ ಗುಂಪಿನವರು ತೀವ್ರ ನಿಗಾ ಘಟಕದಲ್ಲಿದ್ದರು, ಎರಡೂ ಕಡೆ ಕಟ್ಟುನಿಟ್ಟಿನ ಕ್ರಮವಿತ್ತು. ಬಿಡದೆ ನೋಡಿಕೊಳ್ಳುವ ಕಣ್ಣು, ಬಿಡದೆ ಕೇಳಿಸಿಕೊಳ್ಳುವ ಕಿವಿ ಇದ್ದರೆ ಉಪಕರಣವಿಲ್ಲದಲ್ಲಿಯೂ ಬಹಳಷ್ಟನ್ನು ಸಾಧಿಸಬಹುದೆಂಬುದೇ ಅದರ ಪಾಠ. ತಲೆಯ ಭಾಗವನ್ನು 30 ಡಿಗ್ರಿಯಷ್ಟು ಎತ್ತರಿಸಿ ಮಲಗಿಸುವುದು, ಉಸಿರಿನ ದಾರಿ ಕಟ್ಟದಂತೆ ನೋಡುವುದು, ರಕ್ತದೊತ್ತಡ ಬೀಳದಂತೆ ಕಾಯುವುದು, ಅಗತ್ಯವಿದ್ದಾಗ ಮ್ಯಾನಿಟಾಲ್ ಕೊಡುವುದು, ಇವು ಸಣ್ಣ ಆಸ್ಪತ್ರೆಯೂ ಮಾಡಬಲ್ಲ ಕೆಲಸಗಳು. ಮೇಲಿನ ರಕ್ತದೊತ್ತಡ ಒಮ್ಮೆ 90ಕ್ಕಿಂತ ಕೆಳಗಿಳಿದರೂ ಇಂಥ ರೋಗಿಯ ಜೀವಕ್ಕೆ ಅಪಾಯ ಬಹಳ ಹೆಚ್ಚುತ್ತದೆಯೆಂಬುದು ಸಿದ್ಧವಾದ ಮಾತು. ಹಿಂದೆ ರೂಢಿಯಲ್ಲಿದ್ದ ಸ್ಟಿರಾಯ್ಡ್ ಚುಚ್ಚುಮದ್ದು ತಲೆಪೆಟ್ಟಿನವರಲ್ಲಿ ಸಾವನ್ನು ಹೆಚ್ಚಿಸುತ್ತದೆಂದು 2004ರಲ್ಲಿ ಹತ್ತು ಸಾವಿರ ರೋಗಿಗಳ ಅಧ್ಯಯನದಿಂದ ತಿಳಿದುಬಂತು. ಕೊಡಬೇಕಾದುದನ್ನು ಕೊಡುವಷ್ಟೇ ಕೊಡಬಾರದ್ದನ್ನು ಬಿಡುವುದೂ ಚಿಕಿತ್ಸೆಯೇ.

ಮಾತೇ ಮಾಪಕವಾದಾಗ

ಇಲ್ಲಿಗೆ ನಾವು ಮುಖ್ಯ ವಿಷಯಕ್ಕೆ ಬಂದೆವು. ಉಪಕರಣವಿಲ್ಲದ ಆಸ್ಪತ್ರೆಯಲ್ಲಿ ಮಿದುಳಿನ ಸ್ಥಿತಿಯನ್ನು ಅಳೆಯುವ ಕ್ರಮವನ್ನು 1974ರಲ್ಲಿ ಗ್ಲಾಸ್ಗೋ ನಗರದ ಟೀಸ್‌ಡೇಲ್ ಮತ್ತು ಜೆನೆಟ್ ಎಂಬ ವೈದ್ಯರು ರೂಪಿಸಿದರು. ಇಂದು ಜಗತ್ತಿನಾದ್ಯಂತ ಅದೇ ಬಳಕೆಯಲ್ಲಿದೆ. ನಾವು ಅಧ್ಯಾಪಕರು ಉತ್ತರಪತ್ರಿಕೆಗೆ ಅಂಕ ಕೊಡುವಂತೆ ಅಲ್ಲಿ ರೋಗಿಗೆ ಅಂಕ. ಕಣ್ಣು ತೆರೆಯುವುದಕ್ಕೆ 4, ಮಾತಿಗೆ 5, ಅಂಗಾಂಗಗಳ ಚಲನೆಗೆ 6. ಒಟ್ಟು 15 ಸಿಕ್ಕಿದವನು ಪೂರ್ಣ ಎಚ್ಚರದಲ್ಲಿದ್ದಾನೆ. 3 ಅತ್ಯಂತ ಕನಿಷ್ಠ. 8 ಅಥವಾ ಅದಕ್ಕಿಂತ ಕಡಿಮೆಯಾದರೆ ಪೆಟ್ಟು ತೀವ್ರವೆಂದರ್ಥ. ಒಳಗಿನ ಒತ್ತಡವನ್ನು ಕೊಳವೆಯಿಂದ ಅಳೆಯಬೇಕೆಂದು ಹೇಳುವುದೂ ಮುಖ್ಯವಾಗಿ ಈ ಗುಂಪಿನವರಿಗೇ.

ಈ ಅಂಕಗಳನ್ನು ಹೇಗೆ ಕೊಡುತ್ತಾರೆಂದು ನೋಡಿರಿ. ಹೆಸರೇನು, ಎಲ್ಲಿದ್ದೀಯೆ, ಇದು ಯಾವ ತಿಂಗಳು ಎಂದು ಕೇಳಿದಾಗ ಸರಿಯಾಗಿ ಹೇಳಿದರೆ ಮಾತಿಗೆ 5. ಗೊಂದಲದ ಉತ್ತರವಾದರೆ 4. ಸಂಬಂಧವಿಲ್ಲದ ಪದಗಳಾದರೆ 3. ಅರ್ಥವಾಗದ ಬರಿಯ ಧ್ವನಿಯಾದರೆ 2. "ಕೈ ಎತ್ತು" ಎಂದಾಗ ಎತ್ತಿದರೆ ಚಲನೆಗೆ 6. ಎತ್ತದಿದ್ದರೆ ನೋವುಂಟುಮಾಡಿ ನೋಡುತ್ತಾರೆ, ಆಗ ಸಿಗುವುದು 5 ಅಥವಾ ಅದಕ್ಕೂ ಕಡಿಮೆ. ಈಗ ಯೋಚಿಸಿರಿ: ಪ್ರಶ್ನೆ ರೋಗಿಗೆ ತಿಳಿಯದ ಭಾಷೆಯಲ್ಲಿದ್ದರೆ? ಉತ್ತರ ದಾದಿಗೆ ತಿಳಿಯದ ಭಾಷೆಯಲ್ಲಿ ಬಂದರೆ? ಅಂಕ ಹೋದುದು ಮಿದುಳಿನ ದೋಷದಿಂದಲೋ ಭಾಷೆಯ ದೋಷದಿಂದಲೋ ಯಾರು ಹೇಳಬೇಕು?

ಇದು ಕಲ್ಪನೆಯ ಮಾತಲ್ಲ. ನಮ್ಮಲ್ಲಿ ಕಲಿತ ಹುಡುಗನೊಬ್ಬ ಗೂಡಲೂರಿನ ಆಚೆಯ ಚಹಾ ತೋಟದಲ್ಲಿ ಕೆಲಸಕ್ಕಿದ್ದ. ಬೈಕಿನಿಂದ ಬಿದ್ದ ಅವನನ್ನು ಜತೆಗಾರರು ಆಸ್ಪತ್ರೆಯೊಂದಕ್ಕೆ ಸೇರಿಸಿದರು. ಬೇರೆ ಭಾಷೆಯಲ್ಲಿ ಕೇಳಿದ ಪ್ರಶ್ನೆಗಳಿಗೆ ಅವನು ನೋವಿನಲ್ಲಿ ತನ್ನ ಮಾತಿನಲ್ಲೇ ಏನೋ ಹೇಳುತ್ತಿದ್ದ. "ಬಡಬಡಿಸುತ್ತಾನೆ" ಎಂದು ಚೀಟಿಯಲ್ಲಿ ಬರೆದಾಯಿತು. ಸಂಜೆ ಅವನ ಅಣ್ಣ ಬಂದು ಕನ್ನಡದಲ್ಲಿ ಕೇಳಿದಾಗ ಹೆಸರು, ಊರು, ವಾರ ಎಲ್ಲವನ್ನೂ ತಪ್ಪದೆ ಹೇಳಿದ. ಆದರೆ ರಾತ್ರಿ ಹತ್ತರ ಹೊತ್ತಿಗೆ ಅವನ ಮಾತು ನಿಜವಾಗಿಯೂ ಕೆಟ್ಟಿತು. ಅಣ್ಣನ ಹೆಸರನ್ನೇ ತಪ್ಪಿ ಹೇಳತೊಡಗಿದ. ಅಣ್ಣ ಓಡಿ ಹೋಗಿ ತಿಳಿಸಿದರೆ, "ಬಂದಾಗಿನಿಂದ ಹಾಗೆಯೇ ಇದ್ದಾನಲ್ಲ" ಎಂಬ ಉತ್ತರ. ಅವನು ಹಟ ಹಿಡಿದು ಡಾಕ್ಟರರನ್ನು ಕರೆಸಿದ. ಸ್ಕ್ಯಾನಿನಲ್ಲಿ ರಕ್ತ ಹೆಪ್ಪುಗಟ್ಟಿದ್ದು ಕಂಡಿತು, ದೊಡ್ಡ ಊರಿಗೆ ಸಾಗಿಸಿದರು, ಹುಡುಗ ಉಳಿದ. ಜೀವ ಉಳಿದರೆ ಬೆಲ್ಲ ಬೇಡಿ ತಿಂದೇನು ಎಂಬ ಗಾದೆಯಂತೆ ಮನೆಯವರು ಅಷ್ಟಕ್ಕೇ ಸಮಾಧಾನಪಟ್ಟರು. ಆದರೆ ಅಣ್ಣ ಬಾರದೆ ಇದ್ದಿದ್ದರೆ?

ಇಲ್ಲಿ ಅಪಾಯ ಎಲ್ಲಿದೆ ಎಂಬುದನ್ನು ಸೂಕ್ಷ್ಮವಾಗಿ ತಿಳಿಯಬೇಕು. ಈ ಅಂಕಕ್ಕೆ ಬೆಲೆಯಿರುವುದು ಅದರ ಏರಿಳಿತದಲ್ಲಿ. ಮೊದಲ ಅಂಕ ತಪ್ಪಿದರೆ ಮುಂದಿನ ಇಳಿತ ಕಾಣುವುದಿಲ್ಲ. ಆರಂಭದಲ್ಲಿಯೇ "ಗೊಂದಲ" ಎಂದು ಬರೆದವನು ನಿಜವಾಗಿ ಗೊಂದಲಕ್ಕೆ ಬಿದ್ದಾಗ ಚೀಟಿಯ ಪ್ರಕಾರ ಏನೂ ಆಗಿರುವುದಿಲ್ಲ. ಒಳಗೆ ಮಾತ್ರ ಒತ್ತಡ ಏರುತ್ತಿರುತ್ತದೆ. ಇಂಗ್ಲೆಂಡಿನಲ್ಲಿ ಎಚ್ಚರವಿರುವ ರೋಗಿಯನ್ನೂ ಮೊದಲ 2 ಗಂಟೆ ಅರ್ಧ ಗಂಟೆಗೊಮ್ಮೆ, ಮುಂದಿನ 4 ಗಂಟೆ ಗಂಟೆಗೊಮ್ಮೆ, ಆಮೇಲೆ 2 ಗಂಟೆಗೊಮ್ಮೆ ಪರೀಕ್ಷಿಸುವ ಕ್ರಮವಿದೆ. ಇಳಿದ ಒಂದು ಅಂಕ ಅರ್ಧ ಗಂಟೆಯಾದರೂ ಮೇಲೇರದಿದ್ದರೆ ಡಾಕ್ಟರರು ಬಂದು ನೋಡಲೇಬೇಕು. ಒಂದೇ ಅಂಕಕ್ಕೆ ಅಷ್ಟು ಬೆಲೆಯಿರುವಾಗ ಭಾಷೆ ತಿಳಿಯದೆ ಒಂದೆರಡು ಅಂಕ ಕಳೆಯುವುದು ಸಣ್ಣ ತಪ್ಪೇ?

ನಾವು ದಾದಿಯರನ್ನು ದೂರುತ್ತಿಲ್ಲ. ಒಬ್ಬಳೇ ಹಲವು ಹಾಸಿಗೆಗಳ ನಡುವೆ ಓಡಾಡುವ ಹೆಣ್ಣುಮಗಳಿಗೆ ತಮಿಳು, ಮಲಯಾಳ, ಬಡಗ, ಕನ್ನಡ, ಕುರುಂಬರ ಮಾತು ಎಲ್ಲವೂ ಬರಬೇಕೆಂದು ಹೇಳುವುದು ನ್ಯಾಯವಲ್ಲ. "ರಾಜ್ಯದ ಭಾಷೆಯನ್ನು ನೀವೇ ಕಲಿತುಕೊಳ್ಳಬಹುದಲ್ಲ" ಎಂದು ಕೇಳುವವರೂ ಇದ್ದಾರೆ. ಕಲಿಯಬೇಕು, ಕಲಿತೂ ಇದ್ದೇವೆ. ಗೂಡಲೂರಿನ ಪೇಟೆಯಲ್ಲಿ ನಾಲ್ಕು ಭಾಷೆಯಲ್ಲಿ ವ್ಯಾಪಾರ ಮಾಡುವ ಕನ್ನಡಿಗನಿದ್ದಾನೆ, ನಮ್ಮಲ್ಲಿ ಮಲಯಾಳ ಬಾರದ ಕನ್ನಡಿಗನೇ ಅಪರೂಪ. ಆದರೆ ತಲೆಗೆ ಪೆಟ್ಟು ಬಿದ್ದಾಗ ಕಲಿತ ಭಾಷೆ ಹಿಂದೆ ಸರಿದು ತಾಯಿಯಿಂದ ಬಂದ ಮಾತೇ ಬಾಯಿಗೆ ಬರುವುದುಂಟು. ಮುದುಕರ, ಮಕ್ಕಳ, ಮನೆಬಿಟ್ಟು ಹೊರಹೋಗದ ಹೆಂಗಸರ ವಿಷಯದಲ್ಲಂತೂ ಹೇಳಬೇಕಾದುದೇ ಇಲ್ಲ. ಸಂವಿಧಾನದ 350ನೇ ವಿಧಿಯು ತನ್ನ ಭಾಷೆಯಲ್ಲಿ ಸರಕಾರಕ್ಕೆ ಮನವಿ ಸಲ್ಲಿಸುವ ಹಕ್ಕನ್ನು ಪ್ರತಿಯೊಬ್ಬನಿಗೂ ಕೊಟ್ಟಿದೆ. ಪ್ರಜ್ಞೆ ತಪ್ಪುತ್ತಿರುವವನು ಮನವಿ ಬರೆಯಲಾರ. ಅವನ ಒಂದೆರಡು ತೊದಲು ಮಾತೇ ಅವನ ಮನವಿ.

ಆಗಬೇಕಾದುದು

ಉದಕಮಂಡಲದಲ್ಲಿ ಸರಕಾರಿ ವೈದ್ಯಕೀಯ ಕಾಲೇಜು 2022ರ ಜನವರಿಯಲ್ಲಿ ಉದ್ಘಾಟನೆಗೊಂಡಿತು. ಅದರ 700 ಹಾಸಿಗೆಗಳ ಆಸ್ಪತ್ರೆ 2025ರ ಏಪ್ರಿಲ್‌ನಲ್ಲಿ ತೆರೆಯಿತು. ಗೂಡಲೂರಿನಲ್ಲಿ 1990ರಿಂದ ಅಶ್ವಿನಿ ಸಂಸ್ಥೆಯವರು ನಡೆಸುತ್ತಿರುವ ಆದಿವಾಸಿ ಆಸ್ಪತ್ರೆ ಆದಿವಾಸಿ ಹುಡುಗಿಯರನ್ನೇ ದಾದಿಯರಾಗಿ ತರಬೇತಿಗೊಳಿಸಿ, ರೋಗಿಯ ಮಾತನ್ನು ಬಲ್ಲವರೇ ರೋಗಿಯ ಬಳಿಯಲ್ಲಿರುವಂತೆ ಮಾಡಿತು. ಮನಸ್ಸಿದ್ದರೆ ಮಾರ್ಗವಿದೆಯೆಂಬುದಕ್ಕೆ ಬೇರೆ ಸಾಕ್ಷಿ ಬೇಕೇ?

ಉದಕಮಂಡಲದ ಹೊಸ ಆಸ್ಪತ್ರೆಯಲ್ಲಿ ಹಗಲಿರುಳೂ ಸ್ಕ್ಯಾನ್ ಮತ್ತು ಮಿದುಳಿನ ಶಸ್ತ್ರವೈದ್ಯರು ಸಿಗುವಂತಾಗಬೇಕು, ಒತ್ತಡ ಅಳೆಯುವ ಸೌಲಭ್ಯವೂ ಇರಬೇಕು. ಕೊಯಮತ್ತೂರು ಇಳಿಯುವಷ್ಟು ಸಮಯ ಎಲ್ಲ ಮಿದುಳುಗಳಿಗೂ ಇರುವುದಿಲ್ಲ. ಇದಕ್ಕೆ ಹಣ ಬೇಕು, ಕಾಲವೂ ಬೇಕು. ಆದರೆ ಇನ್ನೊಂದು ಕೆಲಸಕ್ಕೆ ಹಣವೂ ಬೇಡ, ಕಾಲವೂ ಬೇಡ. ಪರೀಕ್ಷೆಗೆ ಬೇಕಾದ ಹತ್ತು ಹನ್ನೆರಡು ವಾಕ್ಯಗಳನ್ನು, "ನಿಮ್ಮ ಹೆಸರೇನು", "ಈಗ ಎಲ್ಲಿದ್ದೀರಿ", "ಕಣ್ಣು ತೆರೆಯಿರಿ", "ನಾಲಿಗೆ ಚಾಚಿರಿ", "ಕೈ ಎತ್ತಿರಿ" ಎಂಬಿಷ್ಟನ್ನು, ಕನ್ನಡ, ಬಡಗ, ಮಲಯಾಳಗಳಲ್ಲಿ ತಮಿಳು ಲಿಪಿಯಿಂದ ಬರೆದು, ಬರಬಹುದಾದ ಉತ್ತರಗಳ ಸಹಿತ ಪ್ರತಿ ವಾರ್ಡಿನಲ್ಲಿ ತೂಗುಹಾಕಬೇಕು. ಅಂಕದ ಪಕ್ಕದಲ್ಲಿ ಯಾವ ಭಾಷೆಯಲ್ಲಿ ಕೇಳಿತೆಂದು ಒಂದು ಪದ ಬರೆಯಬೇಕು. ಮನೆಮಾತು ಬಲ್ಲ ಒಬ್ಬ ಬಂಧುವನ್ನು ಪರೀಕ್ಷೆಯ ಹೊತ್ತಿಗೆ ಹಾಸಿಗೆಯ ಬಳಿ ಬರಗೊಡಬೇಕು. ನಮ್ಮ ಜಿಲ್ಲೆಯ ಆಸ್ಪತ್ರೆಗಳಲ್ಲಿ ಕನ್ನಡ, ತುಳು ವಾಕ್ಯಗಳು ಮಲಯಾಳ ಲಿಪಿಯಲ್ಲಿ ಬರಲಿ. ಹಾಗೆಯೇ ಮಂಗಳೂರು, ಮೈಸೂರುಗಳಿಗೆ ಹೋಗುವ ಮಲಯಾಳಿಗನಿಗೂ ತಮಿಳನಿಗೂ ಅವನ ಮಾತಿನ ವಾಕ್ಯಗಳು ಕನ್ನಡ ಲಿಪಿಯಲ್ಲಿ ಸಿದ್ಧವಿರಲಿ. ನಾವು ಬಯಸುವ ನ್ಯಾಯವನ್ನು ನಾವೂ ಕೊಡಬೇಕಷ್ಟೆ. ಇಂಥ ಪಟ್ಟಿಯನ್ನು ವೈದ್ಯರ ಮೇಲ್ವಿಚಾರಣೆಯಲ್ಲಿ ಬರೆದುಕೊಡಲು ನಮ್ಮ ಪ್ರೌಢಶಾಲೆಗಳ ಮಕ್ಕಳೇ ಸಾಕು.

ಹಣದ ಭಯದಿಂದ ಯಾರೂ ತಡಮಾಡಬಾರದು. ತಮಿಳುನಾಡಿನಲ್ಲಿ 2021ರ ಡಿಸೆಂಬರದಲ್ಲಿ ಆರಂಭವಾದ ಯೋಜನೆಯಂತೆ ಆ ರಾಜ್ಯದ ರಸ್ತೆಯಲ್ಲಿ ಅಪಘಾತಕ್ಕೀಡಾದವರಿಗೆ, ಅವರು ಯಾವ ರಾಜ್ಯದವರೇ ಆಗಲಿ, ಮೊದಲ 48 ಗಂಟೆಗಳ ಚಿಕಿತ್ಸೆ ಉಚಿತ. 2025ರ ಮೇ ತಿಂಗಳಲ್ಲಿ ಕೇಂದ್ರ ಸರಕಾರ ಹೊರಡಿಸಿದ ಯೋಜನೆಯಲ್ಲಿ ದೇಶದಾದ್ಯಂತ ಏಳು ದಿನಗಳವರೆಗೆ ಒಂದೂವರೆ ಲಕ್ಷ ರೂಪಾಯಿಯ ಚಿಕಿತ್ಸೆಗೆ ಅವಕಾಶವಿದೆ. ಬಿದ್ದವನನ್ನು ಎತ್ತಿ ಆಸ್ಪತ್ರೆಗೆ ಸೇರಿಸಿದವನಿಗೆ ಪೋಲೀಸರ ಕಾಟವಿರಕೂಡದೆಂದು 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯೇ ರಕ್ಷಣೆ ಕೊಟ್ಟಿದೆ.

ಮನೆಯವರಿಗೆ ಕೆಲವು ಮಾತು. ತಲೆಗೆ ಪೆಟ್ಟಾದವನಿಗೆ ಮತ್ತೆಮತ್ತೆ ವಾಂತಿ, ಹೆಚ್ಚುತ್ತಿರುವ ತಲೆನೋವು, ಎಬ್ಬಿಸಿದರೂ ಏಳದ ನಿದ್ದೆ, ಒಂದು ಕಣ್ಣಿನ ಪಾಪೆ ಇನ್ನೊಂದಕ್ಕಿಂತ ದೊಡ್ಡದಾಗಿರುವುದು, ಕೈಕಾಲಿನ ಬಲ ಕುಂದುವುದು, ಅಪಸ್ಮಾರ, ಕಿವಿ ಮೂಗಿನಿಂದ ತಿಳಿನೀರು ಸೋರುವುದು, ಇವುಗಳಲ್ಲಿ ಒಂದು ಕಂಡರೂ ತಡವಿಲ್ಲದೆ ಸ್ಕ್ಯಾನ್ ಇರುವ ಆಸ್ಪತ್ರೆಗೆ ಒಯ್ಯಿರಿ. ಪ್ರಜ್ಞೆ ಇಲ್ಲದವನ ಬಾಯಿಗೆ ನೀರು ಹೊಯ್ಯಬೇಡಿರಿ. ಕತ್ತನ್ನು ಅಲುಗಿಸಬೇಡಿರಿ. ಆಸ್ಪತ್ರೆಯಲ್ಲಿ ಮೊದಲ ಮಾತಾಗಿ "ಇವನ ಮನೆಮಾತು ಕನ್ನಡ" ಎಂದು ಹೇಳಿರಿ. ಮಾತು ಬದಲಾದುದು ಕಂಡರೆ ನಾಚಿಕೆ ಬಿಟ್ಟು ಹೇಳಿರಿ, ಒಮ್ಮೆ ಕೇಳದಿದ್ದರೆ ಮೂರು ಸಲ ಹೇಳಿರಿ. ಇನ್ನು ಹೆಲ್ಮೆಟ್ಟಿನ ವಿಷಯ: ಪೋಲೀಸನು ನಿಲ್ಲುವ ತಿರುವಿಗೆ ಮಾತ್ರ ಅದನ್ನು ತಲೆಗೇರಿಸಿ, ಆಮೇಲೆ ಕೈಗೆ ಸಿಕ್ಕಿಸಿಕೊಳ್ಳುವ ನಮ್ಮ ಹುಡುಗರಿಗೆ ಹಿರಿಯರು ಬುದ್ಧಿ ಹೇಳಬೇಕು. ಬುರುಡೆಯೊಳಗಿನ ಒತ್ತಡವನ್ನು ಅಳೆಯುವ ಪ್ರಸಂಗವೇ ಬಾರದಂತೆ ನೋಡುವ ಅಗ್ಗದ ಉಪಕರಣ ಅದೊಂದೇ.

ನೀಲಗಿರಿಯ ಆಸ್ಪತ್ರೆಗಳ ಮುಖ್ಯಸ್ಥರೂ ನಮ್ಮ ಜಿಲ್ಲೆಯ ಆರೋಗ್ಯಾಧಿಕಾರಿಗಳೂ ಆ ಒಂದು ಹಾಳೆಯ ಪಟ್ಟಿಯ ಕಡೆಗೆ ಗಮನ ಹರಿಸುವರೆಂದು ಆಶಿಸುತ್ತೇವೆ. ಗಡಿಗಳನ್ನು ಯಾರು ಎಲ್ಲಿ ಎಳೆದರೂ ಎಳೆಯಲಿ; ಹಾಸಿಗೆಯಲ್ಲಿ ಮಲಗಿದವನು ತನ್ನ ಹೆಸರನ್ನು ತನ್ನ ಮಾತಿನಲ್ಲಿ ಹೇಳಿದಾಗ ಅದನ್ನು ಕೇಳಿಸಿಕೊಂಡು ಸರಿಯಾದ ಅಂಕ ಬರೆಯುವವರೊಬ್ಬರು ಅವನ ಬಳಿಯಲ್ಲಿರಬೇಕು.